ನಿವೃತ್ತಿ ಹಣದ ಒಂದು ಪಾಲು ಚಿನ್ನಕ್ಕೆ: ಎಷ್ಟು, ಯಾವ ರೂಪದಲ್ಲಿ, ಹೇಗೆ?

ನಿವೃತ್ತಿಯಾದಾಗ ಕೈಗೆ ಒಟ್ಟಿಗೆ ಬರುವಷ್ಟು ಹಣವನ್ನು ನಮ್ಮಲ್ಲಿ ಹೆಚ್ಚಿನವರು ಮತ್ತೆ ಯಾವತ್ತೂ ನೋಡುವುದಿಲ್ಲ. ಸರ್ಕಾರಿ ನೌಕರರಾದರೆ ಜಿಪಿಎಫ್, ಕೆಜಿಐಡಿ ವಿಮೆ, ಗ್ರಾಚ್ಯುಟಿ, ಗಳಿಕೆ ರಜೆಯ ನಗದು, ಪಿಂಚಣಿ ಕಮ್ಯುಟೇಶನ್ (ಪಿಂಚಣಿಯ ಒಂದು ಭಾಗವನ್ನು ಮೊದಲೇ ಒಟ್ಟಿಗೆ ಪಡೆಯುವುದು). ಖಾಸಗಿಯವರಾದರೆ ಪಿಎಫ್ ಮತ್ತು ಗ್ರಾಚ್ಯುಟಿ. ಹಣದ ಹಿಂದೆಯೇ ಸಲಹೆಗಳೂ ಬರುತ್ತವೆ. ಸೈಟ್ ತಗೊಳ್ಳಿ ಅಂತ ಒಬ್ಬರು, ಮ್ಯೂಚುವಲ್ ಫಂಡ್ ಅಂತ ಇನ್ನೊಬ್ಬರು. ಈಚೆಗೆ ಬೆಲೆ ಏರಿದ ಮೇಲಂತೂ "ಎಲ್ಲಾ ಚಿನ್ನಕ್ಕೇ ಹಾಕಿಬಿಡಿ" ಅನ್ನುವವರು ಜಾಸ್ತಿಯಾಗಿದ್ದಾರೆ.

ಎಲ್ಲಾ ಹಾಕಬೇಡಿ, ಒಂದು ಪಾಲು ಹಾಕಿ. ಆ ಪಾಲನ್ನು ಕೊಳ್ಳುವಾಗಲೂ ಮಾರುವ ದಿನವನ್ನು ಯೋಚಿಸಿ ಕೊಳ್ಳಿ. ಯಾವ ತೂಕ, ಯಾವ ಅಂಗಡಿ, ಯಾವ ಬಿಲ್, ಯಾವ ಲಾಕರ್ ಅನ್ನುವ ಪ್ರಶ್ನೆಗಳಿಗೆಲ್ಲ ಉತ್ತರ ಅಲ್ಲೇ ಸಿಗುತ್ತದೆ. ಇದನ್ನು ಮಾರುವವರು ನೀವೇ ಆಗಿರಬಹುದು, 78ರ ವಯಸ್ಸಿನಲ್ಲಿ. ಅಥವಾ ನೀವಿಲ್ಲದ ಮೇಲೆ ನಿಮ್ಮ ಹೆಂಡತಿಯೋ ಗಂಡನೋ ಆಗಿರಬಹುದು. ಅವರಿಗೆ ಅಂದು ಕಷ್ಟವಾಗಬಾರದು.

ಹೆಜ್ಜೆ 1: ಮೊದಲು ತಿಂಗಳ ಖರ್ಚಿಗೆ ದಾರಿ

ಚಿನ್ನ ಬಡ್ಡಿ ಕೊಡುವುದಿಲ್ಲ, ಬಾಡಿಗೆ ತರುವುದಿಲ್ಲ. ಅದನ್ನು ಇಡುವ ಲಾಕರ್‌ಗೆ ನೀವೇ ಬಾಡಿಗೆ ಕಟ್ಟಬೇಕು. ಹಾಗಾಗಿ ತಿಂಗಳ ಖರ್ಚಿಗೆ ಬೇಕಾದ ಹಣವನ್ನು ಚಿನ್ನಕ್ಕೆ ಹಾಕಿದರೆ, ಖರ್ಚು ಬಂದಾಗಲೆಲ್ಲ ಅಂದಿನ ಬೆಲೆಗೆ ಮಾರಬೇಕಾಗುತ್ತದೆ. ಆಗ ಬೆಲೆ ಇಳಿದಿದ್ದರೆ ನಷ್ಟ ನಿಮ್ಮದೇ.

ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ದಿನಸಿ, ಔಷಧಿ, ಕರೆಂಟ್ ಬಿಲ್, ಮನೆ ತೆರಿಗೆ, ಮದುವೆ ಮುಂಜಿಗಳ ಓಡಾಟ. ಪಿಂಚಣಿ ಬರುತ್ತಿದ್ದರೆ ಅದನ್ನು ಕಳೆಯಿರಿ. ಉಳಿದ ಕೊರತೆಯನ್ನು ತುಂಬಲು ಬಡ್ಡಿ ತರುವ ಜಾಗಗಳಿಗೆ ಮೊದಲು ಹಣ ಹೋಗಬೇಕು. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು 30 ಲಕ್ಷದವರೆಗೆ ಇಡಬಹುದು. ವರ್ಷಕ್ಕೆ ಶೇ 8.2ರ ಬಡ್ಡಿ ದರ ಸಿಕ್ಕಿತು ಅಂತಿಟ್ಟುಕೊಳ್ಳಿ. 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬರುತ್ತದೆ, ಅಂದರೆ ತಿಂಗಳಿಗೆ 20,500. 60 ತುಂಬುವ ಮೊದಲೇ, 55ರ ನಂತರ ನಿವೃತ್ತರಾದವರು ಇದರಲ್ಲಿ ಸೇರಬೇಕಾದರೆ ನಿವೃತ್ತಿ ಹಣ ಬಂದ ಮೂರು ತಿಂಗಳೊಳಗೆ ಸೇರಬೇಕು. ಈ ಗಡುವಿನ ಮುಂದೆ ಚಿನ್ನ ಕಾಯಬಹುದು.

ಆಮೇಲೆ ಒಂದು ವರ್ಷದ ಖರ್ಚಿನಷ್ಟು ಎಫ್‌ಡಿ. ಆರೋಗ್ಯ ವಿಮೆ. ಸಾಲ ಇದ್ದರೆ ಅದರ ತೀರುವಳಿ. ಇಷ್ಟೂ ಆದ ಮೇಲೆ ಉಳಿದ ಹಣದ ಬಗ್ಗೆ ಮಾತ್ರ ಮುಂದಿನ ಹೆಜ್ಜೆಗಳು.

ಇನ್ನೂ ಕೆಲಸದಲ್ಲಿರುವವರಿಗೆ ಒಂದು ಮಾತು. ಚಿನ್ನ ಕೊಳ್ಳಬೇಕು ಅಂತ ಪಿಎಫ್ ಹಣ ತೆಗೆಯಬೇಡಿ. 2023-24 ಮತ್ತು 2024-25ಕ್ಕೆ ಪಿಎಫ್ ಬಡ್ಡಿ 8.25 ಪರ್ಸೆಂಟ್ ಇತ್ತು. ಅಷ್ಟು ಭದ್ರವಾಗಿ ಅಷ್ಟು ಬಡ್ಡಿ ಕೊಡುವ ಬೇರೆ ಜಾಗ ಸಿಗುವುದು ಕಷ್ಟ. ಚಿನ್ನ ಬೇಕೇ ಬೇಕು ಅಂದರೆ ಸಂಬಳದ ಉಳಿತಾಯದಲ್ಲಿ ಕೊಳ್ಳಿ.

ಹೆಜ್ಜೆ 2: ಎಷ್ಟು ಪಾಲು?

ನನ್ನ ಅಭಿಪ್ರಾಯದಲ್ಲಿ ನಿವೃತ್ತಿ ಹಣದ ಶೇ 10ರಿಂದ 15. ಪಿಂಚಣಿ ಇಲ್ಲದವರಿಗೆ 10ರ ಹತ್ತಿರ, ಪೂರ್ತಿ ಪಿಂಚಣಿ ಇರುವವರಿಗೆ 15ರ ಹತ್ತಿರ. 50 ಲಕ್ಷ ಬಂದವರಿಗೆ ಇದು 5ರಿಂದ 7.5 ಲಕ್ಷ. ಕಡಿಮೆಯಾಯಿತು ಅನ್ನಿಸಬಹುದು. ಚಿನ್ನದ ಹಳೆಯ ಕಥೆ ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ.

1980ರ ಜನವರಿಯಲ್ಲಿ ಒಂದು ಔನ್ಸ್ (ಸುಮಾರು 31 ಗ್ರಾಂ) ಚಿನ್ನ 850 ಡಾಲರ್ ಮುಟ್ಟಿತು. 1999ರಲ್ಲಿ ಅದು 250ರ ಆಸುಪಾಸಿಗೆ ಬಂದು ನಿಂತಿತ್ತು. ಮತ್ತೆ 850 ದಾಟಿದ್ದು 2008ರಲ್ಲಿ. ಇಪ್ಪತ್ತೆಂಟು ವರ್ಷ! 2011ರಲ್ಲಿ 1,900ರ ಹತ್ತಿರ ಹೋಗಿ, 2015ರ ಕೊನೆಗೆ 1,050ಕ್ಕೆ ಇಳಿಯಿತು. 2025ರ ಅಕ್ಟೋಬರ್‌ನಲ್ಲಿ ಇದೇ ಚಿನ್ನ 4,000 ಡಾಲರ್ ದಾಟಿತು. ಚಿನ್ನ ದೀರ್ಘಕಾಲಕ್ಕೆ ಬೆಲೆ ಉಳಿಸಿಕೊಳ್ಳುತ್ತದೆ ಅನ್ನುವುದು ನಿಜ. ಆದರೆ ಆ ದೀರ್ಘಕಾಲ ಕೆಲವೊಮ್ಮೆ ಒಬ್ಬ ನಿವೃತ್ತರ ಉಳಿದ ಆಯುಷ್ಯಕ್ಕಿಂತ ಉದ್ದ ಇರುತ್ತದೆ.

ನಮಗೆ ರೂಪಾಯಿಯಲ್ಲಿ ಪೆಟ್ಟು ಸ್ವಲ್ಪ ಕಡಿಮೆ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು. ರಾಯಚೂರಿನ ಹಟ್ಟಿಯಲ್ಲಿ ಇವತ್ತೂ ಚಿನ್ನ ತೆಗೆಯುತ್ತಾರೆ. ಆದರೂ ದೇಶಕ್ಕೆ ಬೇಕಾದ ಚಿನ್ನದ ಬಹುಪಾಲು ಹೊರಗಿನಿಂದಲೇ ಬರಬೇಕು, ಡಾಲರ್ ಕೊಟ್ಟು. ರೂಪಾಯಿ ಬೆಲೆ ಕಳೆದುಕೊಂಡಷ್ಟೂ ಇಲ್ಲಿ ಚಿನ್ನದ ಬೆಲೆ ಏರುತ್ತದೆ. ನಿವೃತ್ತರಿಗೆ ಚಿನ್ನದ ನಿಜವಾದ ಉಪಯೋಗವೇ ಇದು. ಎಫ್‌ಡಿಯಲ್ಲಿರುವ ಹಣವೆಲ್ಲ ರೂಪಾಯಿಯನ್ನೇ ನಂಬಿಕೊಂಡಿರುತ್ತದೆ. ಚಿನ್ನದಲ್ಲಿರುವ ಒಂದು ಪಾಲು ಮಾತ್ರ ಅದನ್ನು ನಂಬಿಕೊಂಡಿರುವುದಿಲ್ಲ.

ಆದರೂ ಇಲ್ಲಿನ ಬೆಲೆ ಇಳಿಯುವುದೇ ಇಲ್ಲ ಅಂತಲ್ಲ. 2012ರ ಕೊನೆಯ ಹೊತ್ತಿಗೆ 10 ಗ್ರಾಂಗೆ 31 ಸಾವಿರದ ಆಸುಪಾಸು ಇದ್ದದ್ದು 2015ರಲ್ಲಿ 25-26 ಸಾವಿರಕ್ಕೆ ಬಂದಿತ್ತು. 2024ರ ಜುಲೈ ಬಜೆಟ್‌ನಲ್ಲಿ ಆಮದು ಸುಂಕ ಶೇ 15ರಿಂದ 6ಕ್ಕೆ ಇಳಿದಾಗ ಕೆಲವೇ ದಿನಗಳಲ್ಲಿ 10 ಗ್ರಾಂಗೆ ಸಾವಿರಾರು ರೂಪಾಯಿ ಕಡಿಮೆಯಾಯಿತು. ಹಿಂದಿನ ವಾರವಷ್ಟೇ ಪೂರ್ತಿ ಹಣ ಹಾಕಿದ್ದವರ ಸ್ಥಿತಿ ಯೋಚಿಸಿ. ಅದಕ್ಕೇ ಒಂದೇ ದಿನ ಕೊಳ್ಳಬಾರದು. ಒಂದೂವರೆ ಎರಡು ವರ್ಷಕ್ಕೆ ಹಂಚಿ, ಮೂರು ತಿಂಗಳಿಗೊಮ್ಮೆ ಇಷ್ಟು ಗ್ರಾಂ ಅಂತ ಕೊಳ್ಳಿ. ಬಡ್ಡಿ ಬರುವ ತಿಂಗಳಿಗೆ ಹೊಂದಿಸಿಕೊಂಡರೆ ನೆನಪಿರುತ್ತದೆ. ಅಕ್ಷಯ ತೃತೀಯ, ಧನತ್ರಯೋದಶಿಗಳಂದು ಅಂಗಡಿಯಲ್ಲಿ ನಿಂತು ಬಿಲ್ ಓದಲೂ ಜಾಗ ಇರುವುದಿಲ್ಲ. ಶಾಸ್ತ್ರಕ್ಕೆ ಒಂದು ಗ್ರಾಂ ತನ್ನಿ. ದೊಡ್ಡ ಖರೀದಿ ಬೇರೆ ದಿನ ಇಟ್ಟುಕೊಳ್ಳಿ.

ಹೆಜ್ಜೆ 3: ಮನೆಯಲ್ಲಿರುವ ಚಿನ್ನ ಲೆಕ್ಕ ಹಾಕಿ

ಈ ಹೆಜ್ಜೆಯನ್ನು ಬಹಳ ಜನ ಬಿಟ್ಟೇ ಬಿಡುತ್ತಾರೆ. ಬೀರುವಿನಲ್ಲಿ 150 ಗ್ರಾಂ ಒಡವೆ ಇದ್ದೂ, ಚಿನ್ನದಲ್ಲಿ ನಮ್ಮದೇನೂ ಇಲ್ಲ ಅಂದುಕೊಂಡಿರುತ್ತಾರೆ. ಎಲ್ಲವನ್ನೂ ತೂಗಿಸಿ, ಬರೆದಿಡಿ. ಆಮೇಲೆ ಮನೆಯವರ ಜೊತೆ ಕೂತು ಎರಡು ಪಟ್ಟಿ ಮಾಡಿ. ಏನೇ ಆದರೂ ಮಾರದಿರುವವು ಒಂದು: ತಾಳಿ, ಅಮ್ಮನ ಬಳೆ, ಮಗಳಿಗೆ ಅಂತ ಇಟ್ಟ ಸರ. ಅಗತ್ಯ ಬಂದರೆ ಮಾರಬಹುದಾದವು ಇನ್ನೊಂದು. ನಿವೃತ್ತಿ ಲೆಕ್ಕಕ್ಕೆ ಎರಡನೆಯ ಪಟ್ಟಿ ಮಾತ್ರ ಸೇರಬೇಕು. ಮೊದಲನೆಯದು ಮನೆತನದ ಆಸ್ತಿ, ಅದಕ್ಕೆ ಬೆಲೆ ಕಟ್ಟಲು ಹೋಗಬೇಡಿ.

ಎರಡನೆಯ ಪಟ್ಟಿಯಲ್ಲೇ ನಿಮ್ಮ ಶೇ 10 ತುಂಬಿದ್ದರೆ ಹೊಸದಾಗಿ ಕೊಳ್ಳುವ ಅಗತ್ಯವೇ ಇಲ್ಲ. ಹಳೆಯ ಒಡವೆ ಕರಗಿಸಿ ನಾಣ್ಯ ಮಾಡಿಸೋಣ ಅನ್ನುವ ಆಸೆಯೂ ಬೇಡ. ಕರಗಿಸುವಾಗ ಒಂದಿಷ್ಟು ಹೋಗುತ್ತದೆ. ಹೊಸ ನಾಣ್ಯಕ್ಕೆ ಮತ್ತೆ ಜಿಎಸ್‌ಟಿ, ಮತ್ತೆ ತಯಾರಿಕೆಯ ಹಣ.

ಹೆಜ್ಜೆ 4: ಒಡವೆಯೋ, ನಾಣ್ಯವೋ, ಗಟ್ಟಿಯೋ?

ನಮ್ಮ ಹಿರಿಯರು ಚಿನ್ನ ಅಂದರೆ ಒಡವೆ ಅಂದುಕೊಂಡದ್ದಕ್ಕೆ ಕಾನೂನಿನ ಕಾರಣವೂ ಇತ್ತು. 1968ರ ಚಿನ್ನ ನಿಯಂತ್ರಣ ಕಾಯ್ದೆಯಲ್ಲಿ ಸಾಮಾನ್ಯ ಜನ ಗಟ್ಟಿ ಚಿನ್ನ ಇಟ್ಟುಕೊಳ್ಳುವಂತಿರಲಿಲ್ಲ, ಒಡವೆ ಇಟ್ಟುಕೊಳ್ಳಬಹುದಿತ್ತು. ಆ ಕಾಯ್ದೆ 1990ರಲ್ಲೇ ಹೋಯಿತು. ಅಭ್ಯಾಸ ಮಾತ್ರ ಹಾಗೇ ಉಳಿದಿದೆ. ನಿವೃತ್ತಿ ಹಣದ ವಿಷಯದಲ್ಲಿ ಈ ಅಭ್ಯಾಸ ಬಿಡಲೇಬೇಕು. ಲೆಕ್ಕ ಸುಲಭವಾಗಲಿ ಅಂತ ಒಂದು ಲಕ್ಷ ರೂಪಾಯಿ ಬೆಲೆಯ ಚಿನ್ನ ತೆಗೆದುಕೊಳ್ಳೋಣ.

ನಾಣ್ಯವಾದರೆ ಮೇಲೆ ಶೇ 3 ತಯಾರಿಕೆಯ ಹಣ ಅಂತಿಟ್ಟುಕೊಳ್ಳಿ: 1,03,000. ಅದಕ್ಕೆ ಶೇ 3 ಜಿಎಸ್‌ಟಿ ಸೇರಿ 1,06,090. ಅದೇ ಚಿನ್ನ ಒಡವೆಯಾಗಿ, ವೇಸ್ಟೇಜ್ ಮತ್ತು ಮೇಕಿಂಗ್ ಒಟ್ಟು ಶೇ 15 ಆದರೆ 1,15,000. ಜಿಎಸ್‌ಟಿ ಸೇರಿ 1,18,450. ಬೆಲೆ ಬದಲಾಗದೆ ಎರಡನ್ನೂ ಮಾರಿದಿರಿ, ಅಂಗಡಿಯವರು ಶೇ 2 ಹಿಡಿದರು ಅಂದುಕೊಳ್ಳಿ. ಎರಡಕ್ಕೂ ಸಿಗುವುದು 98,000. ನಾಣ್ಯದಲ್ಲಿ ಕಳೆದದ್ದು 8,090, ಒಡವೆಯಲ್ಲಿ 20,450. ಅಂದರೆ ಒಡವೆ ಕೊಂಡವರ ಹಾಕಿದ ಹಣ ಬರೀ ವಾಪಸ್ ಬರಲಿಕ್ಕೇ ಚಿನ್ನದ ಬೆಲೆ ಸುಮಾರು ಶೇ 21 ಏರಬೇಕು. ಕಲ್ಲು ಕೂರಿಸಿದ ಒಡವೆಯಾದರೆ ಇನ್ನೂ ಕಷ್ಟ. ಮಾರುವಾಗ ಕಲ್ಲಿನ ತೂಕ ಕಳೆಯುತ್ತಾರೆ.

ನಾಣ್ಯಕ್ಕೂ ಶೇ 8ರಷ್ಟು ಹೋಯಿತಲ್ಲ ಅನ್ನಬಹುದು. ನಿಜ. ಆದ್ದರಿಂದಲೇ ಐದು ವರ್ಷದೊಳಗೆ ಬೇಕಾಗುವ ಹಣ ಇಲ್ಲಿಗೆ ಬರಬಾರದು.

ಈಗ ತೂಕ. 100 ಗ್ರಾಂ ಗಟ್ಟಿಗೆ ಗ್ರಾಂ ಲೆಕ್ಕದಲ್ಲಿ ಮೇಲಿನ ಹಣ ಕಡಿಮೆ ಬೀಳುತ್ತದೆ, ಒಂದು ಗ್ರಾಂ ನಾಣ್ಯಕ್ಕೆ ಜಾಸ್ತಿ. ಆದರೆ ಹಲ್ಲಿನ ಚಿಕಿತ್ಸೆಗೆ ಹಣ ಬೇಕಾದಾಗ 100 ಗ್ರಾಂ ಗಟ್ಟಿ ಕತ್ತರಿಸಲು ಆಗುವುದಿಲ್ಲ. 10 ಗ್ರಾಂನ ತುಂಡುಗಳು ಹೆಚ್ಚಿನವರಿಗೆ ಸರಿ. ಬೇಕಾದರೆ ಒಂದೆರಡು 20 ಅಥವಾ 50 ಗ್ರಾಂನವು ಇರಲಿ. 1, 2 ಗ್ರಾಂನವು ಮೊಮ್ಮಕ್ಕಳ ನಾಮಕರಣಕ್ಕೆ ಚೆಂದ, ಉಳಿತಾಯಕ್ಕಲ್ಲ. ಕರಾವಳಿಯ ಕಡೆ ಪವನ್ ಲೆಕ್ಕ ಇದೆ. ಒಂದು ಪವನ್ ಅಂದರೆ 8 ಗ್ರಾಂ. ಪವನ್ ನಾಣ್ಯ ಹಲವು ಕಡೆ 22 ಕ್ಯಾರೆಟ್‌ನಲ್ಲಿ ಸಿಗುತ್ತದೆ. ಬೆಲೆ ಕೇಳುವಾಗ 22ರದ್ದೋ 24ರದ್ದೋ ಕೇಳಿಕೊಳ್ಳಿ.

ಶುದ್ಧತೆಯಲ್ಲಿ 999 ಅಥವಾ 995 ಇರುವುದನ್ನೇ ಕೊಳ್ಳಿ. 999 ಅಂದರೆ ಸಾವಿರ ಪಾಲಿನಲ್ಲಿ 999 ಪಾಲು ಚಿನ್ನ.

ಕಾಗದದ ಚಿನ್ನದ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಸರ್ಕಾರದ ಚಿನ್ನದ ಬಾಂಡ್‌ಗಳ ಹೊಸ ಕಂತು 2024ರ ಫೆಬ್ರುವರಿ ನಂತರ ಬಂದಿಲ್ಲ. ಗೋಲ್ಡ್ ಇಟಿಎಫ್ ಇದೆ, ಅಂದರೆ ಷೇರಿನಂತೆ ಕೊಂಡು ಮಾರಬಹುದಾದ ಚಿನ್ನದ ಫಂಡ್. ಷೇರುಗಳನ್ನಿಡುವ ಡಿಮ್ಯಾಟ್ ಖಾತೆ ನಿಭಾಯಿಸಲು ಬರುವವರಿಗೆ ಅದು ಒಳ್ಳೆಯದೇ. ಜಿಎಸ್‌ಟಿ ಬೀಳುವುದಿಲ್ಲ, ಲಾಕರ್ ಬೇಡ. ಚಿನ್ನದ ಪಾಲಿನಲ್ಲಿ ಅರ್ಧ ಅಲ್ಲಿಟ್ಟರೂ ತಪ್ಪಿಲ್ಲ. ಮೊಬೈಲ್ ಆ್ಯಪ್‌ಗಳಲ್ಲಿ ಮಾರುವ ಡಿಜಿಟಲ್ ಗೋಲ್ಡ್ ಬೇರೆ ಸಂಗತಿ. ಅದು ತನ್ನ ನಿಯಂತ್ರಣಕ್ಕೆ ಬರುವುದಿಲ್ಲ ಅಂತ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2025ರ ನವೆಂಬರ್‌ನಲ್ಲಿ ಎಚ್ಚರಿಸಿದೆ. ನಿವೃತ್ತಿ ಹಣ ಅಲ್ಲಿ ಬೇಡ.

ಹೆಜ್ಜೆ 5: ಮಾರುವವರನ್ನು ಮೊದಲು ವಿಚಾರಿಸಿ, ಆಮೇಲೆ ಕೊಳ್ಳಿ

ಅಂಗಡಿಗೆ ಹೋದಾಗ ಮೊದಲ ಪ್ರಶ್ನೆ "ಇವತ್ತಿನ ರೇಟ್ ಎಷ್ಟು?" ಆಗಬಾರದು. "ಇದೇ ನಾಣ್ಯ ಐದು ವರ್ಷ ಬಿಟ್ಟು ತಂದರೆ ಹೇಗೆ ತಗೊಳ್ತೀರಿ?" ಅಂತ ಕೇಳಿ. ಅಲ್ಲೇ ಬಹಳಷ್ಟು ಗೊತ್ತಾಗುತ್ತದೆ. ಕೆಲವರು ಎಕ್ಸ್‌ಚೇಂಜ್ ಮಾಡಿ ಒಡವೆ ಕೊಂಡರೆ ಪೂರ್ತಿ ಬೆಲೆ ಕೊಡುತ್ತಾರೆ, ನಗದಾದರೆ ಹಿಡಿಯುತ್ತಾರೆ. ಕೆಲವರು ತಾವು ಮಾರಿದ್ದನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಕೆಲವರು ಪ್ಯಾಕ್ ಒಡೆದಿದ್ದರೆ ಒಪ್ಪುವುದಿಲ್ಲ. ಬೆಂಗಳೂರಿನವರಾದರೆ ನಗರ್ತಪೇಟೆ, ಅವೆನ್ಯೂ ರಸ್ತೆಯ ಕಡೆ ನಾಲ್ಕು ಅಂಗಡಿ ವಿಚಾರಿಸಿ ನೋಡಿ. ಬೇರೆ ಊರಿನವರು ನಿಮ್ಮೂರಿನ ಸರಾಫರನ್ನೇ ಕೇಳಿ. ಒಂದು ದಿನದ ಓಡಾಟಕ್ಕೆ ಇದು ಸಾರ್ಥಕವಾದ ಕೆಲಸ.

ಬ್ಯಾಂಕಿನ ನಾಣ್ಯ ಭದ್ರ ಅನ್ನುವ ನಂಬಿಕೆ ಬಹಳ ಜನರಲ್ಲಿದೆ. ಶುದ್ಧತೆಯ ಬಗ್ಗೆ ನಿಜ. ಆದರೆ ಬ್ಯಾಂಕುಗಳು ನಾಣ್ಯ ಮಾರಬಹುದು, ವಾಪಸ್ ಕೊಳ್ಳುವಂತಿಲ್ಲ. ಜಾಸ್ತಿ ಹಣ ಕೊಟ್ಟು ಬ್ಯಾಂಕಿನಲ್ಲಿ ಕೊಂಡು, ಕೊನೆಗೆ ಮಾರಲು ಅಂಗಡಿಗೇ ಹೋಗಬೇಕು.

ಯಾರ ಟಂಕಸಾಲೆಯದು ಅನ್ನುವುದೂ ಮುಖ್ಯ. ಎಂಎಂಟಿಸಿ-ಪ್ಯಾಂಪ್‌ನಂಥ ಹೆಸರಾದ ಶುದ್ಧೀಕರಣ ಘಟಕದ್ದಾದರೆ ಮಾರುವಾಗ ಪ್ರಶ್ನೆ ಕಡಿಮೆ. 2015ರ ನವೆಂಬರ್‌ನಲ್ಲಿ ಬಿಡುಗಡೆಯಾದ, ಒಂದು ಕಡೆ ಅಶೋಕ ಚಕ್ರ ಇನ್ನೊಂದು ಕಡೆ ಗಾಂಧೀಜಿ ಇರುವ ಇಂಡಿಯನ್ ಗೋಲ್ಡ್ ಕಾಯಿನ್ ಕೂಡ ಹಾಗೆಯೇ.

ಕೈಗೆ ತೆಗೆದುಕೊಂಡಾಗ ನೋಡಬೇಕಾದವು: ತೂಕ, ಶುದ್ಧತೆಯ ಸಂಖ್ಯೆ, ತಯಾರಿಸಿದವರ ಗುರುತು, ಸೀರಿಯಲ್ ನಂಬರ್. ಪ್ಯಾಕ್ ಮೇಲಿನ ನಂಬರ್ ಮತ್ತು ಒಳಗಿನ ನಂಬರ್ ಒಂದೇ ಇರಬೇಕು. ಪ್ಯಾಕ್ ಬಿಚ್ಚಬೇಡಿ, ಆಸೆಗೂ ಬಿಚ್ಚಬೇಡಿ. ಒಡವೆ ಕೊಳ್ಳುವವರಾದರೆ ಮೂರು ಗುರುತು ನೋಡಿ. ಬಿಐಎಸ್ ಲಾಂಛನ, 22ಕೆ916 ಎಂಬಂಥ ಶುದ್ಧತೆಯ ಗುರುತು, ಮತ್ತು ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಅಂದರೆ ಆ ಒಂದು ಒಡವೆಗೇ ಸೇರಿದ ಗುರುತಿನ ಸಂಖ್ಯೆ. 2023ರ ಏಪ್ರಿಲ್ 1ರಿಂದ ಈ ಆರರ ಸಂಖ್ಯೆ ಇಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಅಂಗಡಿಯವರು ಮಾರುವಂತಿಲ್ಲ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾರು ಹಾಲ್‌ಮಾರ್ಕ್ ಮಾಡಿದ್ದು, ಯಾವ ವಸ್ತು ಅಂತ ತೋರಿಸುತ್ತದೆ. ವಸ್ತು ಬಳೆಯಾಗಿದ್ದು ಆ್ಯಪ್ ಉಂಗುರ ಅಂದರೆ ಅಲ್ಲೇ ಬಿಟ್ಟು ಬನ್ನಿ. ಕಡ್ಡಾಯ ಹಾಲ್‌ಮಾರ್ಕ್ ನಿಯಮದಿಂದ ಗಟ್ಟಿ ಚಿನ್ನಕ್ಕೆ ವಿನಾಯಿತಿ ಇದೆ. ಹಾಗಾಗಿ ಗಟ್ಟಿ ಕೊಳ್ಳುವಾಗ ಮಾರುವವರ ಹೆಸರೇ ನಿಮಗೆ ಆಧಾರ.

ಅಂಗಡಿಯವರು ಕ್ಯಾರೆಟ್ ಮೀಟರ್‌ನಲ್ಲಿ ಶುದ್ಧತೆ ತೋರಿಸಿದರಲ್ಲ, ಸಾಕಲ್ವಾ ಅಂತ ಕೇಳಬಹುದು. ಸಾಲದು. ಆ ಯಂತ್ರ ಮೇಲ್ಮೈಯನ್ನಷ್ಟೇ ಓದುತ್ತದೆ. ಟಂಗ್‌ಸ್ಟನ್ ಲೋಹದ ಸಾಂದ್ರತೆ ಚಿನ್ನದಷ್ಟೇ ಇದೆ. ಅದನ್ನು ಒಳಗಿಟ್ಟು ಮೇಲೆ ಚಿನ್ನ ಹೊದಿಸಿದರೆ ತೂಕಕ್ಕೂ ಸರಿ, ಅಳತೆಗೂ ಸರಿ, ಮೀಟರ್‌ಗೂ ಸರಿ. ಗುರುತಿಲ್ಲದವರಿಂದ ದೊಡ್ಡ ಗಟ್ಟಿ ಕೊಳ್ಳಬಾರದು ಅನ್ನುವುದು ಇದಕ್ಕೇ.

ಮೂರು ಬಲೆಗಳಿಂದ ದೂರ ಇರಿ. ಒಂದು, "ಪಾಯ ಅಗೆಯುವಾಗ ನಿಧಿ ಸಿಕ್ಕಿದೆ, ಅರ್ಧ ಬೆಲೆಗೆ ಕೊಡ್ತೀವಿ" ಅನ್ನುವ ಫೋನ್. ಮಧ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಪೊಲೀಸರು ಮತ್ತೆ ಮತ್ತೆ ಹಿಡಿಯುವ ಪ್ರಕರಣ ಇದು. ಮೊದಲು ಪರೀಕ್ಷೆಗೆ ಅಂತ ಅಸಲಿ ನಾಣ್ಯ ಕೊಡುತ್ತಾರೆ. ಹಣ ತಂದಾಗ ಕೊಡುವುದು ನಕಲಿ. ಎರಡು, ಚಿನ್ನದ ಹೆಸರಿನಲ್ಲಿ ತಿಂಗಳು ತಿಂಗಳು ಲಾಭ ಕೊಡುತ್ತೇವೆ ಅನ್ನುವ ಯೋಜನೆ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಹೂಡಿಕೆ ಕಂಪನಿ ಕುಸಿದಾಗ ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ ಸಾವಿರಾರು ಜನ ಬೀದಿಗೆ ಬಂದರು. ಚಿನ್ನ ತಿಂಗಳ ಲಾಭ ಕೊಡುವುದಿಲ್ಲ. ಕೊಡುತ್ತದೆ ಅಂದರೆ ಆ ಹಣ ಬೇರೆಲ್ಲಿಂದಲೋ ಬರುತ್ತಿದೆ. ಮೂರು, ನಿಮ್ಮ ಚಿನ್ನ ನಮ್ಮಲ್ಲೇ ಇರಲಿ, ರಸೀದಿ ಕೊಡುತ್ತೇವೆ ಅನ್ನುವವರು. ಹಣ ಕೊಟ್ಟ ದಿನ ಚಿನ್ನ ನಿಮ್ಮ ಕೈಗೆ ಬರಬೇಕು.

ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ. ಅಂಗಡಿಯವರು 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವಂತಿಲ್ಲ. 2 ಲಕ್ಷ ಮೀರಿದ ಖರೀದಿಗೆ ಪ್ಯಾನ್ ಕೊಡಬೇಕು. ಬಿಲ್ ಇಲ್ಲದಿದ್ದರೆ ಜಿಎಸ್‌ಟಿ ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಆ 3 ಪರ್ಸೆಂಟ್ ಉಳಿಸಲು ಹೋದರೆ ಚಿನ್ನ ನಿಮ್ಮದು ಅನ್ನುವುದಕ್ಕೇ ಆಧಾರ ಇರುವುದಿಲ್ಲ. ಆದಾಯ ತೆರಿಗೆ ಶೋಧದಲ್ಲಿ ವಿವಾಹಿತ ಮಹಿಳೆಗೆ 500 ಗ್ರಾಂ, ಅವಿವಾಹಿತೆಗೆ 250, ಪುರುಷರಿಗೆ 100 ಗ್ರಾಂವರೆಗೆ ಜಪ್ತಿ ಮಾಡಬಾರದು ಅನ್ನುವ 1994ರ ಸೂಚನೆಯನ್ನು ಬಹಳ ಜನ ನೆಚ್ಚಿಕೊಂಡಿದ್ದಾರೆ. ಆ ಸೂಚನೆ ಒಡವೆಗಳ ಬಗ್ಗೆ ಮಾತ್ರ. ನಾಣ್ಯ, ಗಟ್ಟಿಗಳಿಗೆ ಬಿಲ್ಲೇ ರಕ್ಷಣೆ.

ಹೆಜ್ಜೆ 6: ಎಲ್ಲಿಡುವುದು?

ಬ್ಯಾಂಕ್ ಲಾಕರ್. ಮನೆಯ ಗೋದ್ರೇಜ್ ಬೀರು ಬೇಡ, ಅದರಲ್ಲೂ ವಯಸ್ಸಾದ ಇಬ್ಬರೇ ಇರುವ ಮನೆಯಲ್ಲಿ ಖಂಡಿತ ಬೇಡ. ಕಳ್ಳತನ ಒಂದು ಭಯ. ಚಿನ್ನಕ್ಕಾಗಿ ಜೀವಕ್ಕೇ ಕುತ್ತು ಬರುವುದು ಅದಕ್ಕಿಂತ ದೊಡ್ಡ ಭಯ.

ಆದರೆ ಲಾಕರ್ ಅಂದರೆ ಪೂರ್ತಿ ಜವಾಬ್ದಾರಿ ಬ್ಯಾಂಕಿನದು ಅಂತಲ್ಲ. 2022ರ ಜನವರಿಯಿಂದ ಜಾರಿಯಲ್ಲಿರುವ ಆರ್‌ಬಿಐ ನಿಯಮದ ಪ್ರಕಾರ ಬೆಂಕಿ, ಕಳವು, ದರೋಡೆ, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ವಂಚನೆಯಿಂದ ನಷ್ಟವಾದರೆ ಬ್ಯಾಂಕ್ ಕೊಡಬೇಕಾದದ್ದು ವರ್ಷದ ಬಾಡಿಗೆಯ 100 ಪಟ್ಟು. ಬಾಡಿಗೆ 3,000 ಆದರೆ 3 ಲಕ್ಷ. ಭೂಕಂಪ, ಪ್ರವಾಹ, ಸಿಡಿಲಿನಂಥವು ಇದರಲ್ಲಿ ಬರುವುದಿಲ್ಲ. ಒಳಗೆ 8 ಲಕ್ಷದ ಚಿನ್ನ ಇದ್ದರೆ ಉಳಿದದ್ದಕ್ಕೆ ನೀವೇ ವಿಮೆ ಮಾಡಿಸಬೇಕು. ಮನೆ ವಿಮೆಯ ಜೊತೆ ಒಡವೆ ಮತ್ತು ಲಾಕರ್‌ಗೆ ರಕ್ಷಣೆ ಸೇರಿಸಿಕೊಡುವ ಪಾಲಿಸಿಗಳಿವೆ. ನಾಣ್ಯ, ಗಟ್ಟಿಗಳೂ ಸೇರುತ್ತವೆಯೇ ಅಂತ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ.

ಲಾಕರನ್ನು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ, ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು ತೆರೆಯುವಂತೆ ತೆಗೆದುಕೊಳ್ಳಿ. ವರ್ಷಕ್ಕೊಮ್ಮೆ ಹೋಗಿ ತೆರೆದು ನೋಡಿ. ಮೂರು ವರ್ಷ ಸತತವಾಗಿ ಬಾಡಿಗೆ ಕಟ್ಟದಿದ್ದರೆ ಬ್ಯಾಂಕ್ ಒಡೆಯಬಹುದು. ಬಾಡಿಗೆ ಕಟ್ಟುತ್ತಿದ್ದರೂ ಏಳು ವರ್ಷ ಯಾರೂ ತೆರೆಯದೆ, ಗ್ರಾಹಕರ ಪತ್ತೆಯೂ ಸಿಗದಿದ್ದರೆ ಕ್ರಮ ಕೈಗೊಳ್ಳಬಹುದು.

ಹೆಜ್ಜೆ 7: ಮನೆಯವರಿಗೆ ಹೇಳಿ, ಬರೆದಿಡಿ

ಚಿನ್ನ ಎಲ್ಲಿದೆ ಅಂತ ಯಾರಿಗೂ ಹೇಳದೆ ಹೋದ ಹಿರಿಯರ ಮನೆಗಳು ಪ್ರತಿ ಊರಿನಲ್ಲೂ ಇವೆ. ನನಗೆ ಇದಕ್ಕಿಂತ ಬೇಸರದ ಸಂಗತಿ ಇನ್ನೊಂದಿಲ್ಲ. ಗುಟ್ಟಾಗಿಟ್ಟರೆ ಕಳ್ಳರಿಂದ ಉಳಿಯಬಹುದು, ಮಕ್ಕಳಿಗೂ ಸಿಗುವುದಿಲ್ಲ.

ಒಂದು ನೋಟ್‌ಬುಕ್ ಇಡಿ. ಪ್ರತಿ ತುಂಡಿನ ತೂಕ, ಸೀರಿಯಲ್ ನಂಬರ್, ಕೊಂಡ ತಾರೀಖು, ಕೊಟ್ಟ ಹಣ, ಅಂಗಡಿ. ಬಿಲ್‌ಗಳನ್ನು ಫೋಟೋ ತೆಗೆದು ಮಕ್ಕಳ ಮೊಬೈಲ್‌ಗೂ ಕಳಿಸಿ. ಚಿನ್ನದ ಅಂಗಡಿಯ ಬಿಲ್‌ನ ಶಾಯಿ ಕೆಲವು ವರ್ಷಕ್ಕೆ ಮಾಸಿಹೋಗುತ್ತದೆ, ಒಂದು ಜೆರಾಕ್ಸ್ ಮಾಡಿಸಿ ಇಡಿ. ಅಸಲು ಬಿಲ್ ಲಾಕರ್‌ನಲ್ಲಿ, ಜೆರಾಕ್ಸ್ ಮನೆಯಲ್ಲಿ.

ಲಾಕರ್‌ಗೆ ನಾಮಿನಿ ಹಾಕಿಸಿ. 2025ರ ನವೆಂಬರ್ 1ರಿಂದ ನಾಲ್ವರವರೆಗೆ ಹಾಕಬಹುದು. ಲಾಕರ್ ವಿಷಯದಲ್ಲಿ ಅದು ಒಬ್ಬರಾದ ಮೇಲೆ ಒಬ್ಬರು ಅನ್ನುವ ಕ್ರಮದಲ್ಲಿ, ನಾಲ್ವರಿಗೂ ಪಾಲು ಅಂತಲ್ಲ. ನಾಮಿನಿಗೆ ಸಿಗುವುದು ಲಾಕರ್ ತೆರೆದು ತೆಗೆದುಕೊಳ್ಳುವ ಹಕ್ಕು. ಚಿನ್ನ ಯಾರಿಗೆ ಸೇರಬೇಕು ಅನ್ನುವುದನ್ನು ಉಯಿಲು ನಿರ್ಧರಿಸುತ್ತದೆ. ಉಯಿಲು ಇಲ್ಲದಿದ್ದರೆ ಉತ್ತರಾಧಿಕಾರ ಕಾನೂನು. ಇಬ್ಬರು ಮಕ್ಕಳಿದ್ದರೆ ಎರಡು ಸಾಲಿನ ಉಯಿಲಾದರೂ ಬರೆಯಿರಿ. 10 ಗ್ರಾಂನ ತುಂಡುಗಳು ಇಲ್ಲೂ ಉಪಯೋಗಕ್ಕೆ ಬರುತ್ತವೆ, ಹಂಚುವುದು ಸುಲಭ.

ಹೆಜ್ಜೆ 8: ಅಡ ಇಡುವುದೋ, ಮಾರುವುದೋ

ತುರ್ತು ಬಂದಾಗ, ಕೆಲವು ತಿಂಗಳಲ್ಲಿ ಹಣ ಹೊಂದುತ್ತದೆ ಅಂತ ಖಾತ್ರಿ ಇದ್ದರೆ ಚಿನ್ನದ ಸಾಲ ಒಳ್ಳೆಯ ದಾರಿ. 2026ರ ಏಪ್ರಿಲ್‌ನಿಂದ ಅನ್ವಯವಾಗುವ ನಿಯಮದಲ್ಲಿ 2.5 ಲಕ್ಷದವರೆಗಿನ ಸಾಲಕ್ಕೆ ಚಿನ್ನದ ಬೆಲೆಯ ಶೇ 85ರವರೆಗೆ ಸಿಗುತ್ತದೆ. 5 ಲಕ್ಷದವರೆಗೆ ಶೇ 80, ಅದರ ಮೇಲೆ ಶೇ 75. ಆದರೆ ಇಲ್ಲೊಂದು ವಿಷಯ ಗಮನಿಸಿ. ಗಟ್ಟಿ ಚಿನ್ನದ ಮೇಲೆ ಸಾಲ ಕೊಡುವಂತಿಲ್ಲ. ನಾಣ್ಯಗಳ ಮೇಲೆ ಒಬ್ಬರಿಗೆ 50 ಗ್ರಾಂವರೆಗೆ ಮಾತ್ರ. ಯಾವ ನಾಣ್ಯ ಒಪ್ಪುತ್ತಾರೆ ಅಂತ ನಿಮ್ಮ ಶಾಖೆಯಲ್ಲಿ ಕೊಳ್ಳುವ ಮೊದಲೇ ಕೇಳಿಕೊಳ್ಳಿ. ತುರ್ತು ಸಾಲಕ್ಕೆ ಮನೆಯ ಹಳೆಯ ಒಡವೆಯೇ ಅನುಕೂಲ. ಮಾರಲು ನಾಣ್ಯ, ಅಡ ಇಡಲು ಒಡವೆ ಅಂತ ಮನಸ್ಸಿನಲ್ಲಿಟ್ಟುಕೊಳ್ಳಿ.

ಯಾವಾಗ ಮಾರಬೇಕು? ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ, ಒಟ್ಟು ಉಳಿತಾಯದಲ್ಲಿ ಚಿನ್ನದ ಪಾಲು ಎಷ್ಟು ಅಂತ ನೋಡಿ. ಬೆಲೆ ಏರಿ ಅದು ಶೇ 20 ದಾಟಿದ್ದರೆ ಒಂದೆರಡು ತುಂಡು ಮಾರಿ ಬಡ್ಡಿ ಬರುವ ಕಡೆ ಹಾಕಿ. ಇಳಿದು ಶೇ 7-8ಕ್ಕೆ ಬಂದಿದ್ದರೆ, ಕೈಯಲ್ಲಿ ಹಣವಿದ್ದರೆ, ಒಂದು ತುಂಡು ಕೊಳ್ಳಿ. ಟಿವಿಯಲ್ಲಿ ದಿನಾ ಬರುವ ರೇಟ್ ನೋಡಿ ತೀರ್ಮಾನ ಮಾಡಬೇಡಿ.

ಮಾರುವಾಗ ಎರಡು ಕಡೆ ಬೆಲೆ ಕೇಳಿ. ತೂಕ ನಿಮ್ಮ ಎದುರಿಗೇ ಆಗಲಿ. ಕರಗಿಸಿ ನೋಡಬೇಕು ಅಂದರೆ ನಿಮ್ಮ ಕಣ್ಣ ಮುಂದೆಯೇ ಕರಗಿಸಲಿ. ಹಣ ಖಾತೆಗೇ ಬರಲಿ.

ಇನ್ನು ತೆರಿಗೆ. ಕೊಂಡು 24 ತಿಂಗಳ ಮೇಲೆ ಮಾರಿದರೆ ಲಾಭದ ಮೇಲೆ ಶೇ 12.5, ಜೊತೆಗೆ ಆ ತೆರಿಗೆಯ ಮೇಲೆ ಶೇ 4 ಸೆಸ್. ಅದಕ್ಕೂ ಮೊದಲು ಮಾರಿದರೆ ಲಾಭ ನಿಮ್ಮ ಉಳಿದ ಆದಾಯಕ್ಕೆ ಸೇರಿ ಸ್ಲ್ಯಾಬ್ ಪ್ರಕಾರ ತೆರಿಗೆ. ಜಿಎಸ್‌ಟಿ, ತಯಾರಿಕೆಯ ಹಣ ಎಲ್ಲ ಸೇರಿ 5,30,000ಕ್ಕೆ ಕೊಂಡದ್ದನ್ನು ಐದು ವರ್ಷ ಬಿಟ್ಟು 8,00,000ಕ್ಕೆ ಮಾರಿದರೆ ಲಾಭ 2,70,000. ತೆರಿಗೆ 33,750, ಸೆಸ್ 1,350, ಒಟ್ಟು 35,100. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ ಅನ್ನುವ ರಿಯಾಯಿತಿ ಈ ದೀರ್ಘಾವಧಿ ಲಾಭಕ್ಕೆ ಸಿಗುವುದಿಲ್ಲ. ಇದು ಗೊತ್ತಿಲ್ಲದೆ ರಿಟರ್ನ್ ಹಾಕುವಾಗ ಗಾಬರಿಯಾಗುವವರಿದ್ದಾರೆ. ಆದರೆ ನಿಮ್ಮ ಉಳಿದ ಆದಾಯ ಮೂಲ ವಿನಾಯಿತಿ ಮಿತಿಗಿಂತ (ರಿಯಾಯಿತಿ ಇಲ್ಲದೆಯೂ ತೆರಿಗೆ ಬೀಳದ ಮೊದಲ ಹಂತ) ಕಡಿಮೆ ಇದ್ದರೆ, ಬಳಕೆಯಾಗದೆ ಉಳಿದ ಮಿತಿಯನ್ನು ಈ ಲಾಭದಿಂದ ಕಳೆಯಬಹುದು. ಗಂಡ ಹೆಂಡತಿ ಇಬ್ಬರೂ ತಮ್ಮ ತಮ್ಮ ಹಣದಲ್ಲಿ, ತಮ್ಮ ತಮ್ಮ ಹೆಸರಿನ ಬಿಲ್‌ನಲ್ಲಿ ಕೊಂಡಿದ್ದರೆ ಇದರ ಉಪಯೋಗ ಇಬ್ಬರಿಗೂ ಸಿಗುತ್ತದೆ.

ತಂದೆ ತಾಯಿಯಿಂದ ಬಂದ ಚಿನ್ನ ಮಾರುವಾಗ ಅವರು ಇಟ್ಟುಕೊಂಡಿದ್ದ ಅವಧಿಯೂ 24 ತಿಂಗಳ ಲೆಕ್ಕಕ್ಕೆ ಸೇರುತ್ತದೆ. ಕೊಂಡ ಬೆಲೆಯಾಗಿ ಅವರು ಕೊಟ್ಟ ಬೆಲೆಯನ್ನೇ ಹಿಡಿಯಬೇಕು. 2001ರ ಏಪ್ರಿಲ್ 1ಕ್ಕೂ ಮೊದಲು ಕೊಂಡದ್ದಾದರೆ ಆ ದಿನದ ಮಾರುಕಟ್ಟೆ ಬೆಲೆ ತೆಗೆದುಕೊಳ್ಳಬಹುದು. ನೋಂದಾಯಿತ ಮೌಲ್ಯಮಾಪಕರಿಂದ ಒಂದು ಪತ್ರ ಮಾಡಿಸಿ, ಮಾರಿದ ರಸೀದಿಯ ಜೊತೆ ನಿಮ್ಮ ಆಡಿಟರ್‌ಗೆ ಕೊಡಿ.